ಮೂರನೆಯ ಗೂಟ, ನಾಲ್ಕನೆಯ ಕಾಲು: ಬಿಂದು, ರೇಖೆ, ಸಮತಲ

(ಶಿರಸಿಯಲ್ಲಿ ಪ್ರೌಢಶಾಲಾ ಶಿಕ್ಷಕರು, ಪೋಷಕರು ಮತ್ತು ಕಟ್ಟಡ ಕೆಲಸದವರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ರೇಖಾಗಣಿತದ ಮೊದಲ ಪಾಠಕ್ಕೆ ಕನ್ನಡದಲ್ಲಿ ನಮಗೊಂದು ಅನುಕೂಲವಿದೆ. ಚುಕ್ಕೆ ಎಂಬ ಮಾತೂ ಇದೆ, ಬಿಂದು ಎಂಬ ಮಾತೂ ಇದೆ. ಗೆರೆಯೂ ಇದೆ, ರೇಖೆಯೂ ಇದೆ. ದಿನಬಳಕೆಯಲ್ಲಿ ಒಂದರ ಬದಲು ಇನ್ನೊಂದನ್ನು ಆಡುತ್ತೇವೆ, ತಪ್ಪಿಲ್ಲ. ಇವತ್ತಿನ ಮಟ್ಟಿಗೆ ಬೇರೆ ಬೇರೆ ಇಟ್ಟುಕೊಳ್ಳೋಣ. ಸೀಮೆಸುಣ್ಣದಿಂದ ಹಲಗೆಯ ಮೇಲೆ ಇಟ್ಟದ್ದು ಚುಕ್ಕೆ. ಆ ಚುಕ್ಕೆ ಯಾವ ಜಾಗವನ್ನು ತೋರಿಸುತ್ತದೆಯೋ ಅದು ಬಿಂದು. ಪೆನ್ಸಿಲಿನಿಂದ ಎಳೆದದ್ದು ಗೆರೆ. ಆ ಗೆರೆ ಯಾವುದರ ಗುರುತೋ ಅದು ರೇಖೆ. ಚುಕ್ಕೆಗೆ ಅಗಲವಿದೆ, ಬಿಂದುವಿಗಿಲ್ಲ. ಗೆರೆಗೆ ದಪ್ಪವಿದೆ, ತುದಿಯಿದೆ. ರೇಖೆಗೆ ದಪ್ಪವೂ ಇಲ್ಲ, ತುದಿಯೂ ಇಲ್ಲ.

ಇದು ಬರೀ ಮಾತಿನ ಸೂಕ್ಷ್ಮವಲ್ಲ. 1:8000 ಪ್ರಮಾಣದ ಒಂದು ಜಮೀನಿನ ನಕಾಶೆ ಇದೆ ಎಂದುಕೊಳ್ಳಿ. ಅದರಲ್ಲಿ ಗಡಿಯ ಗೆರೆಯ ದಪ್ಪ ಅರ್ಧ ಮಿಲಿಮೀಟರು. ನೆಲದ ಮೇಲೆ ಅದು 4 ಮೀಟರ್ ಅಗಲದ ಪಟ್ಟಿ. ಗಡಿ 100 ಮೀಟರ್ ಉದ್ದವಿದ್ದರೆ ಗೆರೆಯೊಂದೇ 400 ಚದರ ಮೀಟರ್ ನುಂಗುತ್ತದೆ, ಅಂದರೆ ಹತ್ತಿರ ಹತ್ತಿರ 4 ಗುಂಟೆ. ಅಡಿಕೆ ತೋಟದ ಅಂಚಿನಲ್ಲಿ 4 ಗುಂಟೆ ಎಂದರೆ ಅಣ್ಣತಮ್ಮಂದಿರು ಮಾತು ಬಿಡುವಷ್ಟು ಜಾಗ. ಆ ಪಟ್ಟಿ ಯಾರದು? ಯಾರದೂ ಅಲ್ಲ, ಏಕೆಂದರೆ ಗಡಿ ಎಂಬುದು ಗೆರೆಯಲ್ಲ, ರೇಖೆ. ಗೆರೆ ಅದರ ಚಿತ್ರ ಮಾತ್ರ. ಗಡಿಕಲ್ಲಿನ ಕಥೆಯೂ ಇದೇ. ಕಲ್ಲು ಒಂದು ಗೇಣು ದಪ್ಪವಿದ್ದರೆ ಅಳತೆಯನ್ನು ಅದರ ಯಾವ ಮೂಲೆಯಿಂದ ಹಿಡಿಯಬೇಕು? ಕಲ್ಲಿನ ತಲೆಯ ಮೇಲೆ ಕೊರೆದ ಗುರುತಿನಿಂದ ಹಿಡಿಯಬೇಕು. ಆ ಗುರುತೂ ದಪ್ಪವೇ, ಆದರೆ ಕಲ್ಲಿಗಿಂತ ಬಿಂದುವಿಗೆ ಹತ್ತಿರ.

ಹಾಗಾದರೆ ಬಿಂದು ಎಂದರೇನು? ಕ್ರಿಸ್ತಪೂರ್ವ 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿದ್ದ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ರೇಖಾಗಣಿತ ಗ್ರಂಥದ ಮೊದಲ ಭಾಗವನ್ನು 23 ವ್ಯಾಖ್ಯೆಗಳಿಂದ ಶುರುಮಾಡಿದ. ಭಾಗಗಳಿಲ್ಲದ್ದು ಬಿಂದು, ಅಗಲವಿಲ್ಲದ ಉದ್ದ ರೇಖೆ, ಹೀಗೆ. ಆದರೆ ಭಾಗ ಎಂದರೇನು, ಅಗಲ ಎಂದರೇನು ಎಂದು ಮಗು ಕೇಳಿದರೆ ಇನ್ನೊಂದು ಮಾತು ಬೇಕು, ಅದಕ್ಕೆ ಮತ್ತೊಂದು. ಎಲ್ಲೋ ಒಂದು ಕಡೆ ನಿಲ್ಲಲೇಬೇಕು. 1899ರಲ್ಲಿ ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಆ ನಿಲುಗಡೆಯನ್ನು ಸ್ಪಷ್ಟವಾಗಿ ಗುರುತಿಸಿದ. ಬಿಂದು, ರೇಖೆ, ಸಮತಲ ಈ ಮೂರನ್ನೂ ವ್ಯಾಖ್ಯಾನಿಸದೆ ಬಿಟ್ಟು, ಅವುಗಳ ನಡುವಿನ ನಂಟನ್ನು ಮಾತ್ರ ಸ್ವಯಂಸಿದ್ಧಗಳಾಗಿ, ಅಂದರೆ ಸಾಧನೆ ಕೇಳದೆ ಒಪ್ಪಿಕೊಳ್ಳುವ ಮಾತುಗಳಾಗಿ ಬರೆದ. ಎರಡು ಬಿಂದುಗಳ ಮೂಲಕ ಒಂದೇ ಒಂದು ರೇಖೆ ಹೋಗುತ್ತದೆ. ಒಂದೇ ರೇಖೆಯ ಮೇಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹೋಗುತ್ತದೆ. ಒಂದು ರೇಖೆಯ ಎರಡು ಬಿಂದುಗಳು ಸಮತಲದಲ್ಲಿದ್ದರೆ ಇಡೀ ರೇಖೆ ಅದರಲ್ಲೇ ಇರುತ್ತದೆ. ಎರಡು ಸಮತಲಗಳಿಗೆ ಒಂದು ಬಿಂದು ಸಮಾನವಿದ್ದರೆ ಇನ್ನೊಂದೂ ಸಮಾನವಿರುತ್ತದೆ.

ತರಗತಿಯಲ್ಲಿ ಇವನ್ನು ಬಾಯಿಪಾಠ ಮಾಡಿಸಿ ಮುಂದೆ ಹೋಗುತ್ತೇವೆ. ನನ್ನ ಅಭಿಪ್ರಾಯದಲ್ಲಿ ಇಲ್ಲೇ ಒಂದು ವಾರ ನಿಲ್ಲಬೇಕು. ಗೌಂಡಿ, ಬಡಗಿ, ಸರ್ವೆಯವರು, ಮೀನುಗಾರರು ದಿನವೂ ತಪ್ಪು ಹಿಡಿಯುವುದು ಈ ನಾಲ್ಕು ವಾಕ್ಯಗಳಿಂದಲೇ. ಹಿಡಿಯುವ ಬಗೆಯೂ ಒಂದೇ: ಬೇಕಾದದ್ದಕ್ಕಿಂತ ಒಂದು ಬಿಂದು ಹೆಚ್ಚು ಇಟ್ಟು ನೋಡುವುದು.

ಮೊದಲು ರೇಖೆ. ಸ್ಕೇಲಿನ ಅಂಚು ನೇರವಾಗಿದೆಯೇ ಎಂದು ಪರೀಕ್ಷಿಸಲು ಇನ್ನೊಂದು ನೇರ ಅಂಚು ಬೇಡ. ಕಾಗದದ ಮೇಲೆ ಸಾಧ್ಯವಾದಷ್ಟು ದೂರದಲ್ಲಿ ಎರಡು ಚುಕ್ಕೆ ಇಟ್ಟು, ಚೂಪಾದ ಪೆನ್ಸಿಲಿನಿಂದ ಸ್ಕೇಲಿನ ಅಂಚಿಗೆ ಗೆರೆ ಎಳೆಯಿರಿ. ಈಗ ಸ್ಕೇಲನ್ನು ಪುಸ್ತಕದ ಹಾಳೆಯಂತೆ ಮಗುಚಿ, ಅದೇ ಅಂಚನ್ನು ಗೆರೆಯ ಆಚೆ ಬದಿಯಿಂದ ಅವೇ ಚುಕ್ಕೆಗಳಿಗೆ ಹೊಂದಿಸಿ ಇನ್ನೊಮ್ಮೆ ಎಳೆಯಿರಿ. ಎರಡು ಬಿಂದುಗಳ ನಡುವೆ ರೇಖೆ ಒಂದೇ. ಆದ್ದರಿಂದ ಗೆರೆ ಎರಡಾಗಿ ಕಂಡರೆ ಅಂಚು ಬಾಗಿದೆ. ನಡುವಿನ ಸಂದು ನಿಜವಾದ ದೋಷದ ಎರಡರಷ್ಟಿರುತ್ತದೆ, ಹಾಗಾಗಿ ಕಣ್ಣಿಗೆ ಸುಲಭವಾಗಿ ಸಿಗುತ್ತದೆ. ಬಡಗಿಯ ಆರಡಿ ಪಟ್ಟಿಗೂ ಇದೇ ಪರೀಕ್ಷೆ.

ಇನ್ನು ಗೂಟಗಳು. ಎರಡು ಗೂಟ ಎಲ್ಲಿ ನೆಟ್ಟರೂ ಒಂದು ರೇಖೆಯಲ್ಲೇ ಇರುತ್ತವೆ, ಅವು ಯಾವ ತಪ್ಪನ್ನೂ ತೋರಿಸಲಾರವು. ತಪ್ಪು ಬಯಲಾಗುವುದು ಮೂರನೆಯದರಿಂದ. ಒಂದು ಕಣ್ಣು ಮುಚ್ಚಿ ಮೊದಲ ಗೂಟದ ಹಿಂದೆ ಎರಡಡಿ ದೂರ ನಿಂತು ನೋಡಿದಾಗ ಎರಡನೆಯದೂ ಮೂರನೆಯದೂ ಮರೆಯಾದರೆ ಅವು ಏಕರೇಖಾಗತ. ಗೂಟದ ಬುಡವನ್ನು ನೋಡಿ, ತಲೆಯನ್ನು ನೋಡಬೇಡಿ. ಗೂಟ ವಾಲಿದ್ದರೆ ತಲೆ ಬೇರೆ ಕಡೆ ಇರುತ್ತದೆ.

ಎಲ್ಲರೂ ಮಾಡುವ ತಪ್ಪೊಂದಿದೆ. ಒಂದು ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟು, ಅದೇ ನೇರಕ್ಕೆ 50 ಮೀಟರ್ ಸಾಲು ಹಿಡಿಯುತ್ತಾರೆ. ಒಂದು ಗೂಟ ಎರಡೇ ಮಿಲಿಮೀಟರ್ ಸರಿದಿದ್ದರೂ ಆ ತುದಿಯಲ್ಲಿ 10 ಸೆಂಟಿಮೀಟರ್ ಸರಿದಿರುತ್ತದೆ. ಅದೇ ಗೂಟಗಳನ್ನು ಎರಡು ಕೊನೆಗಳಲ್ಲಿ ನೆಟ್ಟು ನಡುವೆ ತುಂಬಿಸಿದರೆ, ಎಲ್ಲಿಯೂ ಎರಡು ಮಿಲಿಮೀಟರಿಗಿಂತ ಹೆಚ್ಚು ಕೆಡುವುದಿಲ್ಲ. ನಡುವೆ ತುಂಬುವುದು ಕ್ಷೇಮ, ಹೊರಗೆ ಚಾಚುವುದು ಅಪಾಯ. ಅಡಿಕೆ ಸಸಿ ಇಡುವಾಗ ಇದನ್ನು ನೆನಪಿಡಿ. ಶಿಫಾರಸಾದ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿಗೆ ಹತ್ತಿರ. 20 ಸಸಿಯ ಸಾಲಿಗೆ ಅಂತರಗಳು 19, ಒಟ್ಟು ಉದ್ದ 51.3 ಮೀಟರ್, 54 ಅಲ್ಲ. ಎರಡು ಕೊನೆಯ ಗೂಟ ಮೊದಲು. ಆಮೇಲೆ ಟೇಪನ್ನು ಹಾಸಿಯೇ ಇಟ್ಟು 2.7, 5.4, 8.1 ಎಂದು ಮೊದಲ ಗೂಟದಿಂದಲೇ ಓದುತ್ತ ಹೋಗಬೇಕು. ಪ್ರತಿ ಸಸಿಯಿಂದ ಮುಂದಿನದಕ್ಕೆ ಕೋಲು ಹಿಡಿದು ಅಳೆದರೆ, ಸಲಕ್ಕೆ ಒಂದು ಸೆಂಟಿಮೀಟರ್ ಒಂದೇ ಕಡೆಗೆ ತಪ್ಪಿದರೂ ಕೊನೆಯ ಸಸಿ 19 ಸೆಂಟಿಮೀಟರ್ ಆಚೆ ಹೋಗಿರುತ್ತದೆ.

ಸಾಲಿಗೆ 90 ಡಿಗ್ರಿಯಲ್ಲಿ ಅಡ್ಡಸಾಲು ಹಿಡಿಯಲು ಮೂರು, ನಾಲ್ಕು, ಐದು ಅಡಿಯ ತ್ರಿಕೋನ ಎಲ್ಲರಿಗೂ ಗೊತ್ತು. ಅದು ಎಲ್ಲಿ ಕೈಕೊಡುತ್ತದೆ ಎಂಬುದು ಅಷ್ಟು ಗೊತ್ತಿಲ್ಲ. ಐದಡಿಯ ಅಳತೆಯಲ್ಲಿ ಅರ್ಧ ಇಂಚು ತಪ್ಪಿದರೆ ಮೂಲೆ ಒಂದು ಡಿಗ್ರಿ ಕೆಡುತ್ತದೆ. 40 ಅಡಿ ಗೋಡೆಯ ಕೊನೆಯಲ್ಲಿ ಅದು ಎಂಟು ಇಂಚಿಗಿಂತ ಹೆಚ್ಚು. ಅದೇ ಅರ್ಧ ಇಂಚು 9, 12, 15 ಅಡಿಯ ತ್ರಿಕೋನದಲ್ಲಿ ತಪ್ಪಿದರೆ ಕೊನೆಯಲ್ಲಿ ಮೂರು ಇಂಚಿಗೂ ಕಡಿಮೆ. ಜಾಗ ಇರುವಷ್ಟು ದೊಡ್ಡ ತ್ರಿಕೋನ ಹಿಡಿಯಿರಿ.

ನೂಲಿನ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ. ಬಿಗಿದ ನೂಲೇ ಸರಳರೇಖೆ ಎಂದು ಪಾಠ ಹೇಳುತ್ತೇವೆ. ಮೀಟರಿಗೆ ಒಂದು ಗ್ರಾಂ ತೂಗುವ ನೈಲಾನ್ ನೂಲನ್ನು 20 ಮೀಟರಿಗೆ ಎಳೆದು, ಎರಡು ಕಿಲೋ ತೂಕ ಜಗ್ಗಿದಷ್ಟು ಬಿಗಿದರೆ ನಡುವೆ ಅದು 25 ಮಿಲಿಮೀಟರ್ ಜೋಲುತ್ತದೆ. 10 ಮೀಟರಿಗೆ ಆರು ಮಿಲಿಮೀಟರು. ಉದ್ದ ಅರ್ಧವಾದರೆ ಜೋಲು ಕಾಲುಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಉದ್ದ ಗೋಡೆಗೆ ನಡುವೆ ಒಂದು ಆಸರೆ ಕೊಡುವುದು. ಎಷ್ಟೇ ಬಿಗಿದರೂ ಜೋಲು ಸೊನ್ನೆಯಾಗುವುದಿಲ್ಲ. ಹಾಗಾದರೆ ನೂಲು ಸುಳ್ಳೇ? ಅಲ್ಲ. ನೂಲು ಜೋಲುವುದು ನೇರ ಕೆಳಕ್ಕೆ. ಅಂದರೆ ಅದು ರೇಖೆಯಲ್ಲದಿದ್ದರೂ ಒಂದು ಲಂಬ ಸಮತಲದಲ್ಲೇ ಇದೆ. ಮೇಲಿನಿಂದ ನೋಡಿದರೆ ಜೋಲು ಕಾಣುವುದೇ ಇಲ್ಲ. ಪಾಯದ ಅಂಚನ್ನು ಗುರುತಿಸಲು ನೂಲಿನಿಂದ ತೂಗುಗುಂಡು ಬಿಟ್ಟರೆ, ಆ ಲಂಬ ಸಮತಲವೂ ನೆಲವೂ ಸೇರುವ ಕಡೆ ಸರಿಯಾದ ನೇರ ಸಿಗುತ್ತದೆ. ಕಲ್ಲಿನ ವರಸೆಯ ಎತ್ತರಕ್ಕೆ ಮಾತ್ರ ಅದೇ ನೂಲನ್ನು ನಂಬಿದರೆ ಗೋಡೆ ನಡುವೆ ತಗ್ಗುತ್ತದೆ. ಕಡಲತೀರದಲ್ಲಿ ಇನ್ನೊಂದು ತೊಡಕು ಗಾಳಿ. ಮಧ್ಯಾಹ್ನದ ಕಡಲಗಾಳಿ ನೂಲನ್ನು ಪಕ್ಕಕ್ಕೆ ತಳ್ಳಿದರೆ ಆ ಲಂಬ ಸಮತಲವೇ ಹೋಯಿತು. ಪಾಯದ ಗುರುತು ಬೆಳಗ್ಗೆ ಗಾಳಿ ಏಳುವ ಮುಂಚೆ ಹಾಕಿ.

ಎರಡು ಸಮತಲ ಸೇರಿದಲ್ಲಿ ರೇಖೆ ಹುಟ್ಟುತ್ತದೆ ಎಂಬುದಕ್ಕೆ ಇನ್ನೂ ಸುಲಭದ ಸಾಕ್ಷಿ ಕಾಗದದ ಮಡಿಕೆ. ಹಾಳೆಯ ಅಂಚು ಹರಿದು ವಕ್ರವಾಗಿರಲಿ, ಚಪ್ಪಟೆಯಾಗಿ ಮಡಚಿ ಉಗುರಿನಿಂದ ಒತ್ತಿದರೆ ಮಡಿಕೆ ನೇರವಾಗಿಯೇ ಬರುತ್ತದೆ. ಸ್ಕೇಲು ಮರೆತು ಬಂದ ಮಗುವಿಗೆ ಇದೇ ಸ್ಕೇಲು.

ರೇಖೆಗಳೆರಡು ಕೂಡುವ ಕಡೆ ಬಿಂದು. ಕಾರವಾರದ ಕಡಲಿನಲ್ಲಿ ದೋಣಿಯಿಂದ ದಡದತ್ತ ನೋಡಿದಾಗ ಹತ್ತಿರದ ಒಂದು ಗುರುತು ದೂರದ ಗುಡ್ಡದ ನೆತ್ತಿಗೆ ನೇರ ಬಂದರೆ, ದೋಣಿ ಆ ಎರಡರ ರೇಖೆಯ ಮೇಲಿದೆ. ಇನ್ನೊಂದು ದಿಕ್ಕಿನಲ್ಲಿ ಇನ್ನೊಂದು ಜೋಡಿ ಹಿಡಿದರೆ, ದೇವಗಡ ದ್ವೀಪದ ದೀಪಸ್ತಂಭವೂ ಅದರ ಹಿಂದಿನ ಯಾವುದೋ ಗುರುತೂ ಎಂದಿಟ್ಟುಕೊಳ್ಳಿ, ಎರಡನೆಯ ರೇಖೆ ಸಿಗುತ್ತದೆ. ಎರಡೂ ಕೂಡುವ ಜಾಗ ಒಂದೇ. ಬಲೆ ಸಿಕ್ಕಿಕೊಳ್ಳುವ ಬಂಡೆಯನ್ನು ಹೀಗೆ ನೆನಪಿಡಬಹುದು. ಆದರೆ ಕಣ್ಣಿನ ನೇರ ನಿಜವಾದ ರೇಖೆಯಲ್ಲ, ಒಂದು ಪಟ್ಟಿ. ಪಟ್ಟಿಯ ಅಗಲ 10 ಮೀಟರ್ ಎಂದು ಹಿಡಿಯೋಣ. ಎರಡು ಪಟ್ಟಿಗಳು 90 ಡಿಗ್ರಿಯಲ್ಲಿ ಕತ್ತರಿಸಿದರೆ ಸಿಗುವುದು ಉದ್ದ ಕರ್ಣ 14 ಮೀಟರ್ ಇರುವ ಚೌಕ. 30 ಡಿಗ್ರಿಯಲ್ಲಾದರೆ ವಜ್ರಾಕೃತಿ, ಉದ್ದ ಕರ್ಣ 39 ಮೀಟರ್. 10 ಡಿಗ್ರಿಯಲ್ಲಿ 115 ಮೀಟರ್. ಗುರುತು ಹಿಡಿದವರು ಅವರೇ, ಕಣ್ಣು ಅದೇ. ಕೋನ ಕಿರಿದಾದದ್ದಕ್ಕೆ ಬಿಂದು ಉದ್ದಕ್ಕೆ ಹರಡಿಕೊಂಡಿತು. ತರಗತಿಯಲ್ಲಿ ದಪ್ಪ ಸೀಮೆಸುಣ್ಣದಿಂದ ಇದನ್ನು ಎಳೆದು ತೋರಿಸಿ. ಎರಡು ರೇಖೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ ಎಂಬುದು ಯಾವ ಕೋನದಲ್ಲೂ ನಿಜ. ಆ ಬಿಂದುವನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಕೋನಕ್ಕೆ ಸೇರಿದ ಮಾತು. ಇವೆರಡನ್ನೂ ಮಕ್ಕಳು ಬೇರೆ ಮಾಡಿ ನೋಡಬೇಕು.

ಚುಕ್ಕೆ ರಂಗೋಲಿ ಹಾಕುವ ಮನೆಯ ಮಕ್ಕಳಿಗೆ ಒಂದು ಲೆಕ್ಕ ಕೊಡಿ. ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಚುಕ್ಕೆ. ಎರಡೆರಡು ಚುಕ್ಕೆ ಸೇರಿಸಿದರೆ ಒಟ್ಟು ಎಷ್ಟು ಬೇರೆ ಬೇರೆ ರೇಖೆ? ಜೋಡಿಗಳು 36. ಆದರೆ ಎಂಟು ರೇಖೆಗಳ ಮೇಲೆ ಮೂರು ಮೂರು ಚುಕ್ಕೆಗಳಿವೆ: ಅಡ್ಡ ಮೂರು, ಉದ್ದ ಮೂರು, ಓರೆ ಎರಡು. ಅಂಥ ಪ್ರತಿಯೊಂದು ರೇಖೆಯನ್ನೂ ಮೂರು ಸಲ ಎಣಿಸಿದ್ದೇವೆ, ಎರಡೆರಡು ಕಳೆಯಬೇಕು. 36ರಲ್ಲಿ 16 ಹೋದರೆ 20. ಎರಡು ಬಿಂದು ಒಂದು ರೇಖೆ ಎಂಬ ವಾಕ್ಯ ಮನಸ್ಸಿಗೆ ಇಳಿದಿದೆಯೇ ಎಂದು ಈ ಒಂದು ಲೆಕ್ಕದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ತಪ್ಪು ಕಲ್ಪನೆ: ಬಿಂದುಗಳು ಪಕ್ಕಪಕ್ಕ ಕೂತು ರೇಖೆಯಾಗುತ್ತವೆ ಎಂಬುದು. ಭಟ್ಕಳ ಮಲ್ಲಿಗೆಯ ದಂಡೆಯಲ್ಲಿ ಒಂದು ಮೊಗ್ಗಿನ ಪಕ್ಕ ಇನ್ನೊಂದು ಇರುತ್ತದೆ, ನಡುವೆ ಮೂರನೆಯದಕ್ಕೆ ಜಾಗವಿಲ್ಲ. ರೇಖೆಯಲ್ಲಿ ಹಾಗಲ್ಲ. ಯಾವ ಎರಡು ಬಿಂದು ಹಿಡಿದರೂ ನಡುವೆ ಇನ್ನೊಂದಿದೆ. ಆದ್ದರಿಂದ ‘ಪಕ್ಕದ ಬಿಂದು’ ಎಂಬ ಮಾತಿಗೇ ಅರ್ಥವಿಲ್ಲ.

ದಿಕ್ಕು ಹಿಡಿಯುವ ಹಳೆಯ ಕ್ರಮವೊಂದನ್ನು ಹೇಳಬೇಕು, ಎರಡು ಬಿಂದುಗಳಿಂದ ರೇಖೆ ಪಡೆಯುವುದಕ್ಕೆ ಅದಕ್ಕಿಂತ ಚೆಲುವಾದ ಉದಾಹರಣೆ ಸಿಗಲಾರದು. ಶುಲ್ಬ ಎಂದರೆ ಹಗ್ಗ. ಯಜ್ಞವೇದಿ ಕಟ್ಟುವ ಹಗ್ಗದ ಗಣಿತವೇ ಶುಲ್ಬಸೂತ್ರ. ಕಾತ್ಯಾಯನ ಶುಲ್ಬಸೂತ್ರದಲ್ಲಿ ಪೂರ್ವಪಶ್ಚಿಮ ಕಂಡುಕೊಳ್ಳುವ ವಿಧಾನ ಹೀಗಿದೆ: ಸಮನೆಲದಲ್ಲಿ ಶಂಕು, ಅಂದರೆ ನೆರಳು ನೋಡುವ ನೇರ ಕೋಲು ನೆಟ್ಟು, ಶಂಕುವಿನಷ್ಟೇ ಉದ್ದದ ಹಗ್ಗದಿಂದ ಅದರ ಸುತ್ತ ವೃತ್ತ ಎಳೆಯಬೇಕು. ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಕಡೆ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದ ಕಡೆ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವಪಶ್ಚಿಮ ರೇಖೆ. ಕಾರವಾರ, ಶಿರಸಿಗಳು ಸುಮಾರು 14.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷದ ಯಾವ ದಿನವೂ ನಡುಮಧ್ಯಾಹ್ನದ ನೆರಳು ಶಂಕುವಿಗಿಂತ ಗಿಡ್ಡ. ಹಾಗಾಗಿ ಬಿಸಿಲಿದ್ದರೆ ಎಂದೂ ಈ ವೃತ್ತ ತಪ್ಪುವುದಿಲ್ಲ. ತೊಂದರೆ ಬರುವುದು ನೆರಳಿನ ತುದಿಯಲ್ಲಿ. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಒಂದು ಮೀಟರ್ ಶಂಕುವಿನ ನೆರಳಿನ ತುದಿ ಸುಮಾರು ಎರಡು ಸೆಂಟಿಮೀಟರ್ ಮಸುಕಾಗುತ್ತದೆ. ಶಂಕುವಿನ ತುದಿಗೆ ಸಣ್ಣ ರಂಧ್ರವಿರುವ ರಟ್ಟು ಸಿಕ್ಕಿಸಿ, ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಯ ನಡುವನ್ನು ಗುರುತಿಸಿದರೆ ಕೈ ಹೆಚ್ಚು ನಿಖರವಾಗುತ್ತದೆ. ವೃತ್ತವನ್ನು ಆಗ ಆ ರಂಧ್ರದ ನೇರ ಕೆಳಗಿನ ಬಿಂದುವಿನಿಂದ ಎಳೆಯಬೇಕು, ತೂಗುಗುಂಡು ಬಿಟ್ಟು ಆ ಬಿಂದು ಹಿಡಿಯಿರಿ. ಬೆಳಗ್ಗೆಯಿಂದ ಸಂಜೆಗೆ ಸೂರ್ಯ ತುಸು ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಾನೆ. ಆ ಸರಿತ ಜೂನ್ 21 ಮತ್ತು ಡಿಸೆಂಬರ್ 21ರ ಆಸುಪಾಸಿನಲ್ಲಿ ತೀರ ಕಡಿಮೆ. ಜೂನಿನಲ್ಲಿ ನಮ್ಮಲ್ಲಿ ಮಳೆ. ಆದ್ದರಿಂದ ಶಾಲೆಯಲ್ಲಿ ಇದನ್ನು ಡಿಸೆಂಬರಿನಲ್ಲಿ ಮಾಡಿ.

ಈಗ ಸಮತಲ. ಸಮತಲ ಎಂದೊಡನೆ ಕಾರವಾರದವರು ಕಡಲನ್ನು ತೋರಿಸುತ್ತಾರೆ. ನಿಂತ ನೀರು ಸಮತಲ ಎಂಬುದು ಅಂಗಳದ ಅಳತೆಗೆ ನಿಜ, ಕಡಲ ಅಳತೆಗೆ ನಿಜವಲ್ಲ. ಭೂಮಿಯ ಬಾಗು ಒಂದು ಕಿಲೋಮೀಟರಿಗೆ ಸುಮಾರು 8 ಸೆಂಟಿಮೀಟರ್, 10 ಕಿಲೋಮೀಟರಿಗೆ ಸುಮಾರು 8 ಮೀಟರ್. ದೂರ ಹತ್ತು ಪಟ್ಟಾದರೆ ಬಾಗು ನೂರು ಪಟ್ಟು. ದಡದಲ್ಲಿ ನಿಂತವರ ಕಣ್ಣು ನೀರಿನಿಂದ 1.6 ಮೀಟರ್ ಮೇಲಿದ್ದರೆ ದಿಗಂತ 4.5 ಕಿಲೋಮೀಟರ್ ಆಸುಪಾಸಿನಲ್ಲೇ ಮುಗಿಯುತ್ತದೆ. ಕಾರವಾರದಿಂದ ಭಟ್ಕಳಕ್ಕೆ ನೇರ ದೂರ ಸುಮಾರು 100 ಕಿಲೋಮೀಟರ್. ಎರಡೂ ಕಡೆಯ ಕಡಲಂಚನ್ನು ಸೇರಿಸುವ ನಿಜವಾದ ಸರಳರೇಖೆ ಎಳೆದರೆ ಅದು ನೀರಿನ ಮೇಲೆ ಹೋಗುವುದಿಲ್ಲ. ನಡುದಾರಿಯಲ್ಲಿ ಕಡಲಮಟ್ಟದಿಂದ ಸುಮಾರು 200 ಮೀಟರ್ ಕೆಳಗೆ, ನೆಲದೊಳಗೆ ಹಾದುಹೋಗುತ್ತದೆ. ಮಟ್ಟ ನೋಡಲು ಗೌಂಡಿ ಬಳಸುವ, ನೀರು ತುಂಬಿದ ಲೆವೆಲ್ ಪೈಪಿಗೆ ಇದರ ಭಯ ಬೇಡ. 15 ಮೀಟರ್ ಮನೆಯಲ್ಲಿ ಬಾಗು ಕೂದಲಿಗಿಂತ ತೆಳು. ಪೈಪಿನ ನಿಜವಾದ ಶತ್ರು ಒಳಗೆ ಸಿಕ್ಕ ಗಾಳಿಗುಳ್ಳೆ. ಬಳಸುವ ಮುಂಚೆ ಎರಡು ತುದಿಯನ್ನೂ ಒಟ್ಟಿಗೆ ಹಿಡಿದು ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆಯೇ ನೋಡಬೇಕು. ತುದಿಗೆ ಹೆಬ್ಬೆರಳು ಒತ್ತಿದ್ದರೆ ತೆಗೆದ ಮೇಲೆಯೇ ಓದಬೇಕು.

ಮೂರು ಬಿಂದುಗಳಿಗೆ ಒಂದು ಸಮತಲ. ಆದ್ದರಿಂದ ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಕುಂಟುವುದಿಲ್ಲ. ಮೂರು ಗುಂಡಿನ ಒಲೆಯ ಮೇಲೆ ಪಾತ್ರೆ ಅಲುಗದೆ ಕೂರುವುದೂ ಸರ್ವೆ ಯಂತ್ರಕ್ಕೆ ಮೂರು ಕಾಲಿರುವುದೂ ಇದಕ್ಕೇ. ಕುಂಟುವುದಿಲ್ಲ ಎಂದರೆ ಮಗುಚುವುದಿಲ್ಲ ಎಂದಲ್ಲ, ಭಾರ ಮೂರು ಕಾಲಿನ ತ್ರಿಕೋನದ ಒಳಗೆ ಬೀಳಬೇಕು. ‘ಒಂದೇ ರೇಖೆಯ ಮೇಲಿಲ್ಲದ’ ಎಂಬ ಷರತ್ತನ್ನು ಮಕ್ಕಳು ಉತ್ತರ ಬರೆಯುವಾಗ ಬಿಟ್ಟುಬಿಡುತ್ತಾರೆ. ಒಂದೇ ರೇಖೆಯಲ್ಲಿದ್ದರೆ ಬಾಗಿಲ ಮೂರು ತಿರುಗಣಿಗಳಂತೆ: ಬಾಗಿಲು ತೆರೆದಷ್ಟೂ ಬೇರೆ ಬೇರೆ ಸಮತಲ, ಎಣಿಕೆಯಿಲ್ಲ. ಪೂರ್ತಿ ಒಂದೇ ರೇಖೆಯಲ್ಲಿಲ್ಲದೆ ಹತ್ತಿರ ಹತ್ತಿರ ಇದ್ದರೂ ಕಷ್ಟವೇ. ಎರಡು ಕಾಲಿನ ರೇಖೆಯಿಂದ ಮೂರನೆಯದು 10 ಸೆಂಟಿಮೀಟರ್ ದೂರವಿದ್ದು, ಅದರ ಎತ್ತರ 2 ಮಿಲಿಮೀಟರ್ ತಪ್ಪಿದರೆ ಸಮತಲ 50ಕ್ಕೆ 1ರಂತೆ ವಾಲುತ್ತದೆ. ಒಂದು ಮೀಟರ್ ದೂರವಿದ್ದರೆ 500ಕ್ಕೆ 1. ಕಿರಿದಾದ ಕೋನದಲ್ಲಿ ಕೂಡಿದ ರೇಖೆಗಳದೂ ಇದೇ ಕಾಯಿಲೆ.

ನಾಲ್ಕನೆಯ ಕಾಲು ಬಂದೊಡನೆ ಪರೀಕ್ಷೆ ಶುರು. ಕುರ್ಚಿ ಕುಂಟಿದರೆ ಕಾಲು ಗಿಡ್ಡವೋ ನೆಲ ತಗ್ಗೋ? ಕುರ್ಚಿಯನ್ನು 90 ಡಿಗ್ರಿ ತಿರುಗಿಸಿ. ಅದೇ ಕಾಲು ಮತ್ತೆ ಎದ್ದಿದ್ದರೆ ದೋಷ ಕಾಲಿನದು. ನೆಲದ ಅದೇ ಜಾಗದಲ್ಲಿ ಬೇರೆ ಕಾಲು ಎದ್ದರೆ ದೋಷ ನೆಲದ್ದು.

ಚಪ್ಪಟೆ ಮೇಲ್ಮೈಯನ್ನು ಹೊಸದಾಗಿ ಮಾಡುವುದು ಹೇಗೆ? ಎರಡು ಕಲ್ಲುಗಳನ್ನು ಒಂದಕ್ಕೊಂದು ಎಷ್ಟು ಹೊತ್ತು ತೀಡಿದರೂ ಸಾಲದು. ಒಂದು ಉಬ್ಬಿ ಇನ್ನೊಂದು ಅಷ್ಟೇ ತಗ್ಗಿದರೂ ಎರಡೂ ಸಂದಿಲ್ಲದೆ ಕೂರುತ್ತವೆ. ಮೂರು ಬೇಕು. ಒಂದನೆಯದನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ, ಮೂರನೆಯದನ್ನು ಒಂದನೆಯದಕ್ಕೆ ಸರದಿಯಲ್ಲಿ ತೀಡಬೇಕು. ಮೂರೂ ಪರಸ್ಪರ ಸರಿಯಾಗಿ ಕೂರಬೇಕೆಂದರೆ ಯಾವುದೂ ಉಬ್ಬಿರಲು ಸಾಧ್ಯವಿಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಲೋಹದ ಫಲಕಗಳಿಗೆ ಈ ಕ್ರಮವನ್ನು ವಿವರಿಸಿದ. ಯಂತ್ರಶಾಲೆಗಳ ನಿಖರತೆ ಇದರ ಮೇಲೆ ನಿಂತಿತು. ಮನೆಯಲ್ಲಿ ಕತ್ತಿ ಮಸೆಯುವ ಕಲ್ಲು ನಡುವೆ ತಗ್ಗಿದ್ದರೆ ಅಂಥವೇ ಮೂರನ್ನು ಇಟ್ಟುಕೊಂಡು ನೀರು ಹಾಕಿ ತೀಡಿ ನೋಡಿ.

ಎರಡು ಸಮತಲಗಳು ಸೇರಿದರೆ ರೇಖೆ. ಹಂಚಿನ ಮಾಡಿನ ಎರಡು ಇಳಿಜಾರು ಸೇರುವ ನೆತ್ತಿಯೇ ಅದು. ಗೋಡೆ ಎರಡು ಮತ್ತು ನೆಲ ಸೇರಿದ ಮೂಲೆ ಒಂದು ಬಿಂದು. ಇಲ್ಲಿ ಜಾಣ ಮಗುವೊಂದು ಪುಸ್ತಕದ ಮೂಲೆಯನ್ನು ಮೇಜಿಗೆ ತಾಗಿಸಿ ಎರಡು ಸಮತಲಗಳು ಒಂದೇ ಬಿಂದುವಿನಲ್ಲಿ ಸೇರಿದವಲ್ಲ ಎಂದು ಕೇಳುತ್ತದೆ. ಒಳ್ಳೆಯ ಪ್ರಶ್ನೆ. ಪುಸ್ತಕ ಸಮತಲವಲ್ಲ, ಸಮತಲದ ತುಂಡು. ಸಮತಲಕ್ಕೆ ಅಂಚಿಲ್ಲ. ರಟ್ಟಿನಲ್ಲಿ ಸೀಳು ಮಾಡಿ ಇನ್ನೊಂದು ರಟ್ಟನ್ನು ಅದರೊಳಗೆ ತೂರಿಸಿ ತೋರಿಸಿ, ಪುಸ್ತಕ ಮೇಜಿನ ಕೆಳಗೂ ಮುಂದುವರಿದಿದ್ದರೆ ಹೀಗೆ ಕಾಣುತ್ತಿತ್ತು ಎಂದು.

ಕಂಬ ನೆಡುವವರಿಗೆ ಒಂದು ಮಾತು. ಒಂದು ರೇಖೆ ಸಮತಲಕ್ಕೆ ಲಂಬವಾಗಿದೆ ಎನ್ನಲು, ಅದು ಆ ಸಮತಲದಲ್ಲಿ ಪರಸ್ಪರ ಕತ್ತರಿಸುವ ಎರಡು ರೇಖೆಗಳಿಗೆ ಲಂಬವಾಗಿದ್ದರೆ ಸಾಕು. ಯೂಕ್ಲಿಡ್ ಹನ್ನೊಂದನೆಯ ಭಾಗದಲ್ಲಿ ಇದನ್ನು ಸಾಧಿಸಿದ್ದಾನೆ. ಎರಡು ಸಾಕು ಎಂಬುದು ಎಷ್ಟು ನಿಜವೋ ಒಂದು ಸಾಲದು ಎಂಬುದೂ ಅಷ್ಟೇ ನಿಜ. ರಸಮಟ್ಟವನ್ನು (ಗುಳ್ಳೆ ನೋಡಿ ಮಟ್ಟ ಹಿಡಿಯುವ ಪಟ್ಟಿ) ಕಂಬದ ಪೂರ್ವ ಮುಖಕ್ಕೂ ಪಶ್ಚಿಮ ಮುಖಕ್ಕೂ ಹಿಡಿದು ಎರಡು ಸಲ ನೋಡಿದೆ ಎನ್ನುವವರಿದ್ದಾರೆ. ಅದು ಒಂದೇ ದಿಕ್ಕನ್ನು ಎರಡು ಸಲ ನೋಡಿದ್ದು. ಕಂಬ ಉತ್ತರಕ್ಕೆ ವಾಲಿದ್ದರೆ ಗೊತ್ತೇ ಆಗುವುದಿಲ್ಲ. ಪಕ್ಕಪಕ್ಕದ ಎರಡು ಮುಖಗಳಿಗೆ ಹಿಡಿಯಿರಿ.

ಸಮಾಂತರ ರೇಖೆಗಳಲ್ಲಿ ಒಂದೇ ಎಚ್ಚರಿಕೆ: ಕೂಡದಿದ್ದ ಮಾತ್ರಕ್ಕೆ ಸಮಾಂತರವಲ್ಲ, ಒಂದೇ ಸಮತಲದಲ್ಲೂ ಇರಬೇಕು. ಹೊನ್ನಾವರದಲ್ಲಿ ಕೊಂಕಣ ರೈಲಿನ ಸೇತುವೆ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹೋಗುತ್ತದೆ. ಮೇಲೆ ಹಳಿ, ಕೆಳಗೆ ನದಿಯ ಉದ್ದಕ್ಕೆ ಸಾಗುವ ದೋಣಿಯ ದಾರಿ. ಎಂದೂ ಕೂಡವು, ಆದರೂ ಸಮಾಂತರವಲ್ಲ, ಎರಡನ್ನೂ ಒಳಗೊಳ್ಳುವ ಸಮತಲವೇ ಇಲ್ಲ. ಇನ್ನು ಎರಡು ಹಳಿಗಳ ನಡುವೆ ಎಲ್ಲೆಡೆ 1676 ಮಿಲಿಮೀಟರ್ ಇದ್ದರೂ, ತಿರುವಿನಲ್ಲಿ ಅವು ಸಮಾಂತರ ರೇಖೆಗಳಲ್ಲ. ಏಕೆಂದರೆ ಅಲ್ಲಿ ಅವು ರೇಖೆಗಳೇ ಅಲ್ಲ. ಇದನ್ನು ಮಕ್ಕಳ ಕೈಗೆ ಕೊಡಲು ಬೆಂಕಿಪೆಟ್ಟಿಗೆ ಸಾಕು. 12 ಅಂಚುಗಳಲ್ಲಿ ಒಂದಕ್ಕೆ ಬಣ್ಣ ಹಚ್ಚಿಸಿ. ಉಳಿದ 11ರಲ್ಲಿ ಮೂರು ಅದಕ್ಕೆ ಸಮಾಂತರ, ನಾಲ್ಕು ಅದನ್ನು ಕೂಡುತ್ತವೆ, ನಾಲ್ಕು ಕೂಡುವುದೂ ಇಲ್ಲ, ಸಮಾಂತರವೂ ಅಲ್ಲ. ಮುಂದುವರಿದ ಮಕ್ಕಳಿಗೆ ಎಂಟು ಮೂಲೆಗಳಿಂದ ಎಷ್ಟು ಸಮತಲ ಎಂದು ಕೇಳಿ. ಮುಖಗಳು 6, ಎದುರುಬದುರು ಅಂಚುಗಳನ್ನು ಸೇರಿಸುವ ಓರೆ ಸಮತಲಗಳು 6, ಮೂಲೆ ಕತ್ತರಿಸುವ ತ್ರಿಕೋನಗಳು 8, ಒಟ್ಟು 20.

ಕೊನೆಯದಾಗಿ ಬಾಗಿಲ ಚೌಕಟ್ಟು. ನಾಲ್ಕು ಬದಿಯ ಅಳತೆ ಸರಿ, ಕರ್ಣಗಳೆರಡೂ ಸಮ, ಆದರೂ ಮಳೆಗಾಲ ಕಳೆದ ಮೇಲೆ ಬಾಗಿಲು ಮೂರು ಮೂಲೆಗೆ ತಾಗಿ ನಾಲ್ಕನೆಯ ಮೂಲೆಗೆ ಬಾಯ್ಬಿಡುತ್ತದೆ. ಮರ ತಿರುಚಿದೆ, ನಾಲ್ಕು ಮೂಲೆ ಒಂದೇ ಸಮತಲದಲ್ಲಿಲ್ಲ. ಅಳತೆಪಟ್ಟಿ ಇದನ್ನು ಹಿಡಿಯಲಾರದು, ನೂಲು ಹಿಡಿಯುತ್ತದೆ. ನಾಲ್ಕು ಮೂಲೆಗೂ ಚೌಕಟ್ಟಿನ ಮುಖದಿಂದ ಒಂದೇ ಎತ್ತರಕ್ಕೆ ಮೊಳೆ ಹೊಡೆದು, ಎರಡು ಕರ್ಣಗಳಿಗೂ ತೆಳು ನೂಲು ಬಿಗಿಯಿರಿ. ನಾಲ್ಕು ಬಿಂದುಗಳು ಒಂದೇ ಸಮತಲದಲ್ಲಿದ್ದರೆ ಕರ್ಣಗಳು ಕೂಡಲೇಬೇಕು, ಅಂದರೆ ನೂಲುಗಳು ನಡುವೆ ಒಂದನ್ನೊಂದು ಸವರುತ್ತವೆ. ಸಂದು ಕಂಡರೆ ತಿರುಚು ಇದೆ. ಸಂದು 5 ಮಿಲಿಮೀಟರ್ ಇದ್ದರೆ, ನಾಲ್ಕನೆಯ ಮೂಲೆ ಉಳಿದ ಮೂರರ ಸಮತಲದಿಂದ 10 ಮಿಲಿಮೀಟರ್ ಆಚೆ ಇದೆ. ಕರ್ಣದ ನಡುಬಿಂದು ಮೂಲೆಯ ಅರ್ಧದಷ್ಟೇ ಏಳುವುದರಿಂದ ಈ ಎರಡರ ಪಟ್ಟು. ಸಂದು ಕಾಣಲಿಲ್ಲವೆಂದು ಅಲ್ಲಿಗೇ ಬಿಡಬೇಡಿ. ಮೇಲಿನ ನೂಲನ್ನು ಬಿಚ್ಚಿ ಕೆಳಗಿನದರ ಅಡಿಯಿಂದ ದಾಟಿಸಿ ಮತ್ತೆ ಬಿಗಿಯಿರಿ. ಮೇಲಿರಬೇಕಾದ ನೂಲು ಮೊದಲ ಸಲ ಕೆಳಗೆ ಸಿಕ್ಕಿಕೊಂಡು ಇನ್ನೊಂದನ್ನು ಒತ್ತುತ್ತಿದ್ದರೆ ತಿರುಚು ಮರೆಯಾಗಿರುತ್ತದೆ. ಎರಡು ಸಲವೂ ನೂಲುಗಳು ಒತ್ತದೆ, ಸಂದಿಲ್ಲದೆ ಸವರಿದರೆ ಚೌಕಟ್ಟನ್ನು ಗೋಡೆಗೆ ನಿಲ್ಲಿಸಬಹುದು.